ಹೊರಕ್ಕೆ ತೆರೆಯುವ ಬಾಗಿಲು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬಡಗಿ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಒಂದು ಕುರ್ಚಿಯ ಬೆನ್ನಿಗೆ ಅಂಟು ಹಚ್ಚುತ್ತಿದ್ದ. ಅಂಟು ಹಚ್ಚಿದ ಮೇಲೆ ತಡ ಮಾಡದೆ ಕ್ಲ್ಯಾಂಪು ಹಾಕಿ ಬಿಗಿಯಬೇಕು. ತಡವಾದರೆ ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಿರುಬೆರಳೊಂದೇ ಸ್ವಚ್ಛವಾಗಿತ್ತು, ಅದರಿಂದಲೇ ಗುಂಡಿ ಒತ್ತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ.

"ಏನ್ ಮಾಡ್ತಿದೀಯೋ ಪುಟ್ಟಾ?" ಎಂದಳು ಅಕ್ಕ. ಪುಟ್ಟನಿಗೆ ಆಗ ಐವತ್ತೊಂಬತ್ತು ವರ್ಷ.

"ಅಂಟು ಹಾಕ್ತಿದೀನಿ. ಬೇಗ ಹೇಳಕ್ಕ, ಒಣಗೋಗುತ್ತೆ."

"ಮೈಕಿನವರು ಬಂದು ಬೀದಿ ಖಾಲಿ ಮಾಡಿ ಅಂತ ಬಡ್ಕೊಂಡು ಹೋದ್ರು. ಈಗಷ್ಟೇ ಪಕ್ಕದ ಅಂಗಡಿ ಕತ್ತರಿ ಬಂದು ಬಾಗಿಲು ತಟ್ಟಿದ. ಬರ್ತೀನಿ ಹೋಗು ಅಂದಿದೀನಿ. ನಾನು ಹೊರಡಲೋ ಬೇಡವೋ?"

"ಒಳಗೆ ನೀರು ಬಂತಾ?"

"ಎಲ್ಲಿಂದ ಬರುತ್ತೆ? ಒಂದು ಹನಿ ಇಲ್ಲ. ನೆಲ ಬೆಂಕಿಪೊಟ್ಟಣದ ಹಾಗೆ ಒಣಗಿದೆ."

"ಮತ್ತಿನ್ನೇನು? ಶಾಲೆಗೆ ಹೋಗಿ ಊರವರ ಜೊತೆ ಬೆಂಚಿನ ಮೇಲೆ ಮಲಗ್ತೀಯಾ? ಮೂರಡಿ ಬಂದ್ರೂ ಆ ಬಾಗಿಲು ಜಗ್ಗಲ್ಲ. ಸುಮ್ನೆ ಕೂತ್ಕೋ. ಸಂಜೆ ನಾನೇ ಬರ್ತೀನಿ."

"ಸರಿ ಬಿಡಪ್ಪ. ನಿನಗೆ ಹೆಂಡತಿಗಿಂತ ನಿನ್ನ ಬಾಗಿಲಿನ ಮೇಲೆ ಜಾಸ್ತಿ ನಂಬಿಕೆ" ಎಂದು ನಕ್ಕು ಫೋನ್ ಇಟ್ಟಳು. ಅವನೂ ನಕ್ಕು ಕ್ಲ್ಯಾಂಪು ಬಿಗಿದ. ಅಂಟು ಸರಿಯಾದ ಹೊತ್ತಿಗೆ ಹಿಡಿಯಿತು. ಆ ಕುರ್ಚಿ ಇವತ್ತಿಗೂ ಗಟ್ಟಿಯಾಗಿದೆ.

ಚಂಡಮಾರುತ ಹಿಂದಿನ ದಿನವೇ ಊರು ದಾಟಿ ಹೋಗಿತ್ತು. ಬೆಳಗಿನಿಂದ ಮಳೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲೇ ಬಂದು, ಮೇಲಿನ ಬೀದಿಯವರು ಹಾಸಿಗೆಗಳನ್ನು ಗೋಡೆಯ ಮೇಲೆ ಹರವಿದ್ದರು. ಮೇಲಿನ ಗುಡ್ಡಗಳಲ್ಲಿ ಸುರಿದ ನೀರು ಊರಿಗೆ ಬಂದು ಮುಟ್ಟಲು ಒಂದು ದಿನ ಹಿಡಿಯುತ್ತದೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ತಲೆಯ ಮೇಲೆ ನೀಲಿ ಆಕಾಶವಿರುವಾಗ ಗೊತ್ತಿರುವುದು ಬೇರೆ, ನಂಬುವುದು ಬೇರೆ. ಹೊಳೆಯ ಪಕ್ಕದ ಬೀದಿಗೆ ನೀರು ಆಗಲೇ ಬಂದಿತ್ತು. ಅದು ಪ್ರತಿ ಮಳೆಗಾಲದಲ್ಲೂ ಬರುವಂಥದ್ದೇ.

ಆ ಊರಿನಲ್ಲಿ ಬಡಗಿಯ ಬಾಗಿಲುಗಳನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದಿತ್ತು. ಬೇರೆಯವರು ಮಾಡಿದ ಬಾಗಿಲು ಧಡ್ ಎನ್ನುತ್ತದೆ. ಇವನದು ಹ್ಞೂಂ ಎಂದು ಮುಚ್ಚಿಕೊಳ್ಳುತ್ತದೆ ಎಂದು ಜನ ಹೇಳುತ್ತಿದ್ದರು. ಬಾಗಿಲು ನಿಲ್ಲಿಸಿದ ದಿನ ಸುತ್ತಲೂ ಎಲ್ಲಾದರೂ ಬೆಳಕು ತೂರುತ್ತದೆಯೇ ಎಂದು ಒಳಗೆ ಕತ್ತಲಲ್ಲಿ ಕೂತು ನೋಡುತ್ತಿದ್ದ. ಒಂದು ಕಡೆ ಗೆರೆಯಷ್ಟು ಬೆಳಕು ಕಂಡರೂ ಕೀಲು ಬಿಚ್ಚಿ ಮತ್ತೆ ಕೂರಿಸುತ್ತಿದ್ದ. ಮನೆಯವರು ಸಾಕು ಮಾರಾಯ ಎಂದರೆ ಕಿವಿಯ ಮೇಲಿನ ಪೆನ್ಸಿಲನ್ನು ಇನ್ನೊಂದು ಕಿವಿಗೆ ಬದಲಾಯಿಸುತ್ತಿದ್ದ, ಅಷ್ಟೇ.

ಅವನಿಗೆ ಈ ಕೆಲಸ ಕಲಿಸಲು ಒಯ್ದು ಬಿಟ್ಟವಳು ಅಕ್ಕ. ತಾಯಿ ಹೋದಾಗ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅವಳು ಟೈಲರ್ ಅಂಗಡಿಗಳಿಂದ ಶರ್ಟು ತಂದು ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ರಂಧ್ರದ ಸುತ್ತ ದಾರ ಹೆಣೆಯುವ ಕೆಲಸ ಅದು. ಮಾಡಿದ್ದು ಕಾಣಬಾರದು, ಮಾಡದಿದ್ದರೆ ಕಾಣುತ್ತದೆ. ಹೊಲಿಗೆ ಹಾಕುತ್ತಲೇ ತಮ್ಮನಿಗೆ ಮಗ್ಗಿ ಒಪ್ಪಿಸಲು ಹೇಳುತ್ತಿದ್ದಳು. ತಪ್ಪಿದರೆ ಸೂಜಿಯ ಹಿಂಬದಿಯಿಂದ ಮೊಣಕಾಲಿಗೆ ಚುಚ್ಚುತ್ತಿದ್ದಳು. ಮುಂದೆ ಅವಳ ಮದುವೆಯಾಯಿತು, ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ನಮ್ಮ ಮನೆಗೇ ಬಾ ಎಂದು ತಮ್ಮನೂ ಅತ್ತಿಗೆ ಅತ್ತಿಗೆ ಎಂದು ಅವನ ಹೆಂಡತಿಯೂ ಕರೆದಷ್ಟೂ ಕರೆದರು. "ಒಂದು ಮನೇಲಿ ಒಬ್ಬರೇ ಯಜಮಾನಿ ಇರ್ಬೇಕು. ನಾನು ಬಂದ್ರೆ ನಿನ್ನ ಹೆಂಡತಿ ಬಾಡಿಗೆದಾರಳಾಗ್ತಾಳೆ" ಎಂದು ಅವಳು ಹೊಳೆ ಬೀದಿಯ ಒಂದು ಕೋಣೆಯ ಮನೆಯಲ್ಲೇ ಉಳಿದಳು. ಊರಿಗೆಲ್ಲ ಅವಳು ಕಾಜಾ ಅಕ್ಕ.

ಆ ಮನೆಗೆ ಮುಂದೆ ಒಂದು ಬಾಗಿಲು, ಒಂದು ಸರಳಿನ ಕಿಟಕಿ. ಹಿಂದಿನ ಗೋಡೆ ಒಂದು ಗೋದಾಮಿಗೆ ಅಂಟಿಕೊಂಡಿತ್ತು. ತಾರಸಿಗೆ ಮೆಟ್ಟಿಲು ಹೊರಗಿನಿಂದ, ಬಾಗಿಲ ಪಕ್ಕದಲ್ಲೇ. ಪ್ರತಿ ಮಳೆಗಾಲದಲ್ಲಿ ಎರಡೋ ಮೂರೋ ಸಲ ಪಾದ ಮುಳುಗುವಷ್ಟು ನೀರು ಬೀದಿಗೆ ಬಂದು, ಹೊಸ್ತಿಲು ದಾಟಿ ಒಳಗೆ ಕೆಸರು ಬಿಟ್ಟು ಹೋಗುತ್ತಿತ್ತು. ಒಂದು ವರ್ಷ ಅವಳು ಮಧ್ಯಾಹ್ನ ಮಲಗಿದ್ದಾಗ ನೀರು ಬಂದು, ನೆಲದ ಮೇಲೆ ಮಡಚಿಟ್ಟಿದ್ದ ಬಿಳಿ ಶರ್ಟುಗಳ ಅಡಿಯ ಸಾಲು ಕೆಸರಾಯಿತು. ಟೈಲರ್ ಬೀದಿಯಲ್ಲೇ ನಿಂತು ಬಾಯಿಗೆ ಬಂದ ಹಾಗೆ ಅಂದ. ಅವಳು ತಮ್ಮನಿಗೆ ಹೇಳಲಿಲ್ಲ. ಪಕ್ಕದ ಕ್ಷೌರದ ಅಂಗಡಿಯವನು ಹೇಳಿದ. ಕೈಯಲ್ಲೂ ಬಾಯಲ್ಲೂ ಹರಿತವಿದ್ದುದರಿಂದ ಅವನಿಗೆ ಕತ್ತರಿ ಎಂದೇ ಹೆಸರು.

"ನೀನೇನೋ ದೊಡ್ಡ ಬಾಗಿಲು ಮೇಸ್ತ್ರಿ" ಎಂದ ಕತ್ತರಿ, ಬಡಗಿಯ ಗಡ್ಡಕ್ಕೆ ಸೋಪು ಹಚ್ಚುತ್ತಾ. "ಊರಿಗೆಲ್ಲ ಗಾಳಿ ನುಗ್ಗದ ಬಾಗಿಲು. ಒಡಹುಟ್ಟಿದವಳ ಮನೆಗೆ ಹೊಳೇನೇ ನುಗ್ಗುತ್ತೆ."

ಅವತ್ತು ಬಡಗಿ ಅರ್ಧ ಗಡ್ಡ ಬಿಟ್ಟು ಎದ್ದು ಹೋದ ಎಂದು ಕತ್ತರಿ ಈಗಲೂ ಹೇಳುತ್ತಾನೆ. ಅದರಲ್ಲಿ ಎಷ್ಟು ನಿಜವೋ ತಿಳಿಯದು.

ಆ ಬೇಸಿಗೆಯಲ್ಲಿ ಅವನು ಆ ಬಾಗಿಲು ಮಾಡಿದ. ಮನೆಯ ಬಾಗಿಲು ಸಾಮಾನ್ಯವಾಗಿ ಒಳಕ್ಕೆ ತೆರೆಯುತ್ತದೆ. ಹೊರಗಿನ ನೀರು ಅಂಥ ಬಾಗಿಲನ್ನು ಚೌಕಟ್ಟಿನಿಂದ ಒಳಕ್ಕೆ ನೂಕುತ್ತದೆ, ಸಂದಿ ಅಗಲವಾಗುತ್ತದೆ. ಇದನ್ನು ಅವನು ಎರಡು ದಿನ ಯೋಚಿಸಿ, ಅಕ್ಕನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿದ. ಆಗ ನೀರು ಬಾಗಿಲನ್ನು ಚೌಕಟ್ಟಿಗೇ ಒತ್ತುತ್ತದೆ. ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ ಕೂರಿಸಿದ. ನೀರು ಹೆಚ್ಚಿದಷ್ಟೂ ಬಾಗಿಲು ರಬ್ಬರಿಗೆ ಬಿಗಿಯಾಗಿ ಕೂರುತ್ತದೆ. ಅಂದರೆ ಹೊಳೆಯ ಕೈಯಲ್ಲೇ ಹೊಳೆಯನ್ನು ತಡೆಯುವ ಉಪಾಯ. ಬಚ್ಚಲಿನ ತೂಬಿನಿಂದ ನೀರು ಮೇಲೆ ಬರಬಾರದೆಂದು ರಬ್ಬರ್ ಸುತ್ತಿದ ಒಂದು ಮರದ ಬಿರಡೆಯನ್ನೂ ಕಡೆದು ಕೊಟ್ಟ. ಅವನು ಮಾಡಿದ ಕೆಲಸಗಳಲ್ಲೆಲ್ಲ ಅದು ಅತ್ಯುತ್ತಮವಾದದ್ದು. ಹಾಗೆಂದು ಅವನ ವೃತ್ತಿಯ ಬೇರೆಯವರೂ ಒಪ್ಪುತ್ತಾರೆ.

ಬಾಗಿಲು ನಿಲ್ಲಿಸಿದ ದಿನ ಬೀದಿಯವರೆಲ್ಲ ಸೇರಿದ್ದರು. ಅವನು ಕೊಡಗಟ್ಟಲೆ ನೀರನ್ನು ಹೊರಗಿನಿಂದ ಎರಚಿ ತೋರಿಸಿದ. ಒಳಗೆ ಅಕ್ಕ ನೆಲದ ಮೇಲೆ ಅಂಗೈ ಸವರಿ, "ಇಲ್ಲ! ಏನೂ ಇಲ್ಲ!" ಎಂದು ಕೂಗಿದಳು.

"ಇದೇನು ಮನೆಯೋ, ಡಬ್ಬಿಯೋ?" ಎಂದ ಕತ್ತರಿ. "ಎಷ್ಟು ನೀರು ತಡೆಯುತ್ತೆ ಇದು?"

ಬಡಗಿ ಕಿಟಕಿಯ ಕಡೆ ನೋಡಿದ. ಅದರ ಅಂಚು ಹೊಸ್ತಿಲಿನಿಂದ ಮೂರೂವರೆ ಅಡಿ ಮೇಲಿತ್ತು. ಅದಕ್ಕಿಂತ ಕೆಳಗಿನ ಒಂದು ದುಂಡು ಸಂಖ್ಯೆ ಹೇಳಿದ. "ಮೂರಡಿ."

ಅದು ಲೆಕ್ಕ ಹಾಕಿ ಹೇಳಿದ್ದಲ್ಲ, ಆದರೂ ತಪ್ಪು ಲೆಕ್ಕವಾಗಿರಲಿಲ್ಲ. ಬಾಗಿಲು ಮೂರಡಿ ನೀರನ್ನು ತಡೆಯಿತು. ಮುಂದಿನ ನಾಲ್ಕು ಮಳೆಗಾಲ ಅಕ್ಕನ ಮನೆಗೆ ಕೆಸರು ಬರಲಿಲ್ಲ. ಬೀದಿಯ ಹೆಂಗಸರು ಪೊರಕೆ ಹಿಡಿದು ಕೆಸರು ತಳ್ಳುವಾಗ ಅವಳು ಕಿಟಕಿಯಲ್ಲಿ ಕೂತು ಕಾಜಾ ಹೊಲಿಯುತ್ತಾ, "ಇನ್ನೊಂದು ಸ್ವಲ್ಪ ಎಡಕ್ಕೆ ತಳ್ಳೇ" ಎಂದು ಕೆಣಕುತ್ತಿದ್ದಳು.

ಆ ಮಧ್ಯಾಹ್ನ ಮೊದಲ ಫೋನಾಗಿ ಒಂದು ಗಂಟೆಯೂ ಕಳೆದಿರಲಿಲ್ಲ. ಮೇಲಿನ ಸೇತುವೆಯ ಕಂಬಗಳಿಗೆ ರಾತ್ರಿಯೆಲ್ಲ ಮರದ ದಿಮ್ಮಿಗಳು ಬಂದು ಸಿಕ್ಕಿಕೊಂಡು ಒಂದು ಒಡ್ಡಿನ ಹಾಗೆ ಆಗಿದ್ದವು. ಆ ರಾಶಿ ಒಮ್ಮೆಲೇ ಕಳಚಿಕೊಂಡಿತು. ಹೊಳೆ ಬೀದಿಯಲ್ಲಿ ನೀರು ಸರಸರನೆ ಏರಿದ್ದು ಆಗ.

ಫೋನು ಮತ್ತೆ ಬಂತು.

"ಪುಟ್ಟಾ, ಬಾಗಿಲು ತೆಗೀತಿಲ್ಲ ಕಣೋ."

"ಚಿಲಕ ತೆಗೆದ್ಯಾ?"

"ನನಗೇನು ಅರಳುಮರಳಾ? ಚಿಲಕ ತೆಗೆದು ಭುಜ ಕೊಟ್ಟು ತಳ್ಳಿದೆ. ಗೋಡೆ ತಳ್ಳಿದ ಹಾಗಿದೆ."

"ಒಳಗೆ ನೀರು?"

"ಇಲ್ಲ. ಅದೇ ಆಶ್ಚರ್ಯ. ಆದ್ರೆ ಎದುರು ಮನೆ ಜಗಲಿ ಕಾಣ್ತಿಲ್ಲ."

ಅವನು ಕೊಡಲಿ ಮತ್ತು ಹಾರೆ ಎತ್ತಿಕೊಂಡು ಓಡಿದ. ಬೀದಿಯ ಬಾಯಲ್ಲಿ ಕತ್ತರಿ ಸಿಕ್ಕಿದ. ಮುದುಕರನ್ನು ಹಗ್ಗ ಹಿಡಿಸಿ ದಾಟಿಸುತ್ತಿದ್ದವನು ಹಗ್ಗವನ್ನು ಬೇರೆಯವರಿಗೆ ಕೊಟ್ಟು ಜೊತೆಗೆ ಬಂದ. ನೀರು ಸೊಂಟ ದಾಟಿತ್ತು, ತಣ್ಣಗಿತ್ತು, ಅದರಲ್ಲಿ ಯಾರದೋ ಮನೆಯ ಪಾತ್ರೆಗಳು ಒಂದರ ಹಿಂದೊಂದು ತೇಲಿ ಬರುತ್ತಿದ್ದವು. ಇಬ್ಬರೂ ಬಾಗಿಲಿನ ಹಿಡಿ ಹಿಡಿದು ಎಳೆದರು. ಗೋಡೆಗೆ ಕಾಲು ಕೊಟ್ಟು ಎಳೆದರು. ಸಂದಿಗೆ ಹಾರೆ ತೂರಿಸಿ ಮೀಟಿದರೆ ಕೂದಲೆಳೆಯಷ್ಟು ತೆರೆದು, ಮತ್ತೆ ಹ್ಞೂಂ ಎಂದು ಮುಚ್ಚಿಕೊಂಡಿತು.

ಅಕ್ಕ ಕಿಟಕಿ ತೆರೆದಳು. ಹೊರಗಿನ ನೀರು ಕಿಟಕಿಯ ಅಂಚಿಗೆ ಅರ್ಧ ಅಡಿ ಕೆಳಗಿತ್ತು. ಬಡಗಿ ಸರಳು ಹಿಡಿದು ಒಳಗೆ ನೋಡಿದ. ಬಾವಿಯೊಳಗೆ ಬಗ್ಗಿ ನೋಡಿದ ಹಾಗಿತ್ತು. ಎದೆಯವರೆಗೆ ನೀರಿನಲ್ಲಿ ಅವನು ನಿಂತಿದ್ದ. ಆಚೆ ಅಷ್ಟು ಕೆಳಗೆ ಒಣ ನೆಲ, ಅದರ ಮೇಲೆ ಚಾಪೆ, ಚಾಪೆಯ ಮೇಲೆ ಮಡಚಿಟ್ಟ ಶರ್ಟುಗಳು, ಶರ್ಟಿನ ಪಕ್ಕ ಅವಳ ಕನ್ನಡಕ. ಅವನಿಗೆ ಆಗ ಎಲ್ಲ ಅರ್ಥವಾಯಿತು. ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕೆ ಬರುವವರೆಗೆ ಈ ಬಾಗಿಲನ್ನು ಯಾರೂ ತೆರೆಯಲಾರರು. ಸಾಧಾರಣ ಬಾಗಿಲಾಗಿದ್ದರೆ ನೀರು ತಾನೇ ಸೋರಿ ಒಳಗೆ ಬಂದಿರುತ್ತಿತ್ತು, ಪಾದ ನೆನೆದಾಗಲೇ ಅವಳು ಎದ್ದು ಹೋಗಿರುತ್ತಿದ್ದಳು. ಈಗ ನೀರನ್ನು ಅವನೇ ಒಳಗೆ ಬಿಡಬೇಕು. ಕಿಟಕಿಯಿಂದ ತಾನಾಗಿ ಬೀಳಲಿ ಎಂದು ಕಾಯುವಂತಿರಲಿಲ್ಲ. ಮೇಲಿನಿಂದ ಇನ್ನೂ ಎಷ್ಟು ಬರಲಿದೆಯೋ ಗೊತ್ತಿರಲಿಲ್ಲ.

"ಅಕ್ಕಾ, ಮೇಜಿನ ಮೇಲೆ ಹತ್ತು. ಬಾಗಿಲು ಒಡೀತೀನಿ."

"ಒಡೀತೀಯಾ? ತಲೆ ಕೆಟ್ಟಿದೆಯೇನೋ? ಒಳಗೆಲ್ಲ ನೀರು ನುಗ್ಗುತ್ತೆ!"

"ನುಗ್ಗಲಿ ಅಂತಲೇ."

"ನಾಳೆ ಕೊಡಬೇಕಾದ ಶರ್ಟುಗಳು ಕಣೋ!"

"ಶರ್ಟಿನ ಮನೆ ಹಾಳಾಗ್ಲಿ! ಹತ್ತಕ್ಕಾ!"

"ಹ್ಞೂಂ, ಹ್ಞೂಂ, ಹತ್ತಿದೆ. ಕಿರುಚಬೇಡ" ಎಂದಳು.

ಬಾಗಿಲಿನ ಮುಂದೆ ನಿಂತವನಿಗೆ ಕಿಟಕಿಯ ಒಳಗು ಕಾಣುವುದಿಲ್ಲ. ಅವಳು ಮೇಜು ಹತ್ತಿರಲಿಲ್ಲ. ಶರ್ಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಬೀರುವಿನ ಮೇಲೆ ಇಡಲು ಕೋಣೆಯ ನಡುವೆ ನಡೆಯುತ್ತಿದ್ದಳು. ಅವನು ನೀರಿನೊಳಗೆ ಕೊಡಲಿ ಬೀಸಲಾಗದೆ, ಹಾರೆಯ ತುದಿಯಿಂದ ಕೆಳಗಿನ ಹಲಗೆಯನ್ನು ಕುಟ್ಟಿದ. ತಾನೇ ಆರಿಸಿ, ತಾನೇ ಒಣಗಿಸಿ ಹದ ಮಾಡಿದ ಮರ. ಸುಲಭವಾಗಿ ಸೀಳಲಿಲ್ಲ. ಸೀಳಿದಾಗ ಹಲಗೆಯ ಅರ್ಧ ಒಮ್ಮೆಗೇ ಒಳಕ್ಕೆ ಹಾರಿತು. ನೀರು ಮೇಜನ್ನು ಎತ್ತಿ ಅವಳ ಸೊಂಟಕ್ಕೆ ತಂದು ಹೊಡೆಯಿತು.

ಕೋಣೆ ತುಂಬಲು ಸುಮಾರು ಒಂದು ನಿಮಿಷ ಹಿಡಿಯಿತು. ಆ ನಿಮಿಷವೆಲ್ಲ ಅವಳ ಕೂಗು ಕೇಳುತ್ತಿತ್ತು, ಬಾಗಿಲು ಮಾತ್ರ ಬಿಗಿಯಾಗಿಯೇ ಇತ್ತು. ಆಮೇಲೆ ಅವನು ಒಂದು ಕೈಯಲ್ಲಿ ಹಿಡಿ ಎಳೆದ. ಯಾವತ್ತಿನಂತೆ, ಸದ್ದಿಲ್ಲದೆ ತೆರೆದುಕೊಂಡಿತು.

ಇಬ್ಬರೂ ಸೇರಿ ಅವಳನ್ನು ಹೊತ್ತು ಹೊರಗಿನ ಮೆಟ್ಟಿಲಿನಿಂದ ತಾರಸಿಗೆ ಒಯ್ದರು. ಒಂದು ಶರ್ಟು ಇನ್ನೂ ಅವಳ ತೋಳಿನ ಮೇಲಿತ್ತು. ಸಂಜೆ ದೋಣಿ ಬಂತು. ಅಷ್ಟರಲ್ಲಿ ನೀರು ಕಿಟಕಿಯನ್ನು ದಾಟಿ, ಬಾಗಿಲಿನ ತಲೆಗೆ ಒಂದು ಗೇಣು ಉಳಿಸಿತ್ತು. ಬಡಗಿ ಅವತ್ತು ಬಾಗಿಲು ಒಡೆಯದೆ ಇದ್ದಿದ್ದರೆ ಹೇಳಲು ಕತೆಯೇ ಇರುತ್ತಿರಲಿಲ್ಲ. ಇದು ಕತ್ತರಿಗೆ ಗೊತ್ತು, ಬೀದಿಗೆ ಗೊತ್ತು. ಆದರೆ ಅಕ್ಕ ಅದನ್ನು ಬೇರೆಯಾಗಿ ತಿಳಿದುಕೊಂಡಳು.

ಅವಳ ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಸಲಾಕೆ ಹಾಕಿ ಕೂಡಿಸಿದರು. ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುವ ಹಾಗಾದಾಗ ಅವಳು ಕೊನೆಗೂ ತಮ್ಮನ ಮನೆಗೆ ಬಂದಳು. ಕೊಟ್ಟಿಗೆಯ ಪಕ್ಕದ ಮುಂಗೋಣೆಯಲ್ಲಿ, ಜನ ಬಂದು ಹೋಗುವುದು ಕಾಣುವಂತೆ, ಅವಳ ಮಂಚ ಹಾಕಿದರು. ಬಂದವರಿಗೆಲ್ಲ ಅವಳು ಒಂದೇ ಕತೆ ಹೇಳುತ್ತಿದ್ದಳು.

"ಬಾಗಿಲು ಕೊನೆ ತನಕ ಒಂದು ಹನಿ ಬಿಡಲಿಲ್ಲ ಗೊತ್ತಾ? ನಾನು ಒಳಗೆ ಒಣಗಿದ ಅವಲಕ್ಕಿ ಹಾಗೆ ಕೂತಿದ್ದೆ. ಇವನು ಬಂದ, ಗಾಬರಿಬಿದ್ದ, ಹಾರೆ ಎತ್ತಿದ. ಚಿಕ್ಕಂದಿನಿಂದ ಹಾಗೇ ಇವನು. ಇಲಿ ಕಂಡ್ರೆ ಮನೆಗೇ ಬೆಂಕಿ ಇಡೋ ಜಾತಿ. ಹೋಗ್ಲಿ, ನನ್ನ ಮೇಲಿನ ಪ್ರೀತಿಗೆ ತಾನೆ."

ಬಂದವರು ನಗುತ್ತಿದ್ದರು. ಬಡಗಿಯೂ ನಗುತ್ತಿದ್ದ. ಅವಳು ಅವನನ್ನು ಕ್ಷಮಿಸಿದ್ದಳು, ಆದರೆ ಕ್ಷಮಿಸಿದ್ದು ಅವನು ಮಾಡದ ತಪ್ಪನ್ನು. ಬಾಗಿಲು ಒಡೆದದ್ದು ಅವನು ಅವತ್ತು ಮಾಡಿದ ಒಂದೇ ಸರಿಯಾದ ಕೆಲಸ. ಬಾಗಿಲು ಒಡೆದದ್ದು ತಪ್ಪು, ಅದನ್ನು ಮಾಡಿದ್ದು ಸರಿ ಎಂದು ಅವಳು ನಂಬಿರುವವರೆಗೆ, ಮೂರು ಗಂಟೆಯ ಆ ಫೋನಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅವಳಿಗೆ ಅದು ನೆನಪೂ ಇದ್ದಂತಿರಲಿಲ್ಲ. ಅವನಿಗೆ ಅನುಕೂಲವಾಗಿಯೇ ಇತ್ತು. ಅದಕ್ಕೇ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಹೇಳ್ಬಿಡಿ ಅವರಿಗೆ" ಎಂದಳು ಹೆಂಡತಿ ಒಂದು ದಿನ, ಬಟ್ಟೆ ಮಡಚುತ್ತಾ.

"ಏನಂತ?"

"ಏನಂತ ನಿಮಗೇ ಗೊತ್ತು. ಊಟಕ್ಕೆ ಕೂತಾಗ ತಟ್ಟೆ ನೋಡೋದು ಬಿಟ್ಟು ಗೋಡೆ ನೋಡ್ತೀರಿ. ನಾನೇನು ಕುರುಡಿಯಾ?"

"ಆ ಬಾಗಿಲು ಅಂದ್ರೆ ಅವಳಿಗೆ ಎಷ್ಟು ಹೆಮ್ಮೆ, ನೋಡಿದೀಯಲ್ಲ. ಅದನ್ನೂ ಕಿತ್ಕೊಳ್ಳಲಾ?"

"ಅವರ ಹೆಮ್ಮೆ ಉಳಿಸ್ತಿದೀರೋ, ನಿಮ್ಮದೋ?" ಎಂದು ಕೇಳಿ ಅವಳು ಬಟ್ಟೆ ಎತ್ತಿಕೊಂಡು ಹೋದಳು.

ಅವನು ಹೇಳಲಿಲ್ಲ. ಬದಲಿಗೆ ಅಳತೆ ಮಾಡಲು ಕೂತ. ಶಾಲೆಯ ವಿಜ್ಞಾನದ ಮೇಷ್ಟ್ರು ಕಪಾಟು ಮಾಡಿಸಲು ಬಂದಾಗ ನೀರಿನ ಒತ್ತಡದ ಲೆಕ್ಕ ಕೇಳಿಕೊಂಡ. ಅವರು ಉಪ್ಪುಕಾಗದದ ಹಿಂಬದಿಯಲ್ಲಿ ಬಿಡಿಸಿ ತೋರಿಸಿದರು. ನೀರಿನ ಎತ್ತರ ಎರಡರಷ್ಟಾದರೆ ಬಾಗಿಲಿನ ಮೇಲಿನ ಭಾರ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ತೂಕದ ಯಂತ್ರವೊಂದನ್ನು ಗೋಡೆಗೆ ಒರಗಿಸಿ, ಹೆಂಡತಿಯನ್ನು ಕರೆದು ಕೈಯಿಂದ ತಳ್ಳಲು ಹೇಳಿದ. "ಈ ವಯಸ್ಸಿನಲ್ಲಿ ಗೋಡೆ ತಳ್ಳಿಸ್ತೀರಲ್ಲ" ಎಂದು ಗೊಣಗುತ್ತಲೇ ಅವಳು ಇಪ್ಪತ್ತಾರು ಕಿಲೋ ತಳ್ಳಿದಳು. ಆಮೇಲೆ ಒಂದು ದಿನ ಕತ್ತರಿಯನ್ನು ಕೊಟ್ಟಿಗೆಗೆ ಕರೆದು ನೇರವಾಗಿ ನಿಲ್ಲಿಸಿದ.

"ಅವತ್ತು ನೀನು ಅಕ್ಕನ ಬಾಗಿಲು ತಟ್ಟಿದೆಯಲ್ಲ, ಮೂರು ಗಂಟೆಗೆ. ಬೀದಿಯ ನೀರು ನಿನ್ನ ಕಾಲಿಗೆ ಎಲ್ಲಿ ತನಕ ಇತ್ತು?"

"ನೆನಪಿಲ್ಲವಾ ಮತ್ತೆ? ಪ್ಯಾಂಟು ಮಡಚಿದ್ದೆ. ಮಡಿಕೆ ನೆನೀಲಿಲ್ಲ. ಇಲ್ಲಿ, ಮಂಡಿಯ ಕೆಳಗೆ" ಎಂದು ಪ್ಯಾಂಟನ್ನು ಹಾಗೆಯೇ ಮಡಚಿ ತೋರಿಸಿದ.

ಬಡಗಿ ಮಂಡಿಯೂರಿ ಕತ್ತರಿಯ ಕಾಲಿಗೆ ಅಡಿಕೋಲು ಹಿಡಿದ. ಬೀದಿಯಿಂದ ಅಕ್ಕನ ಹೊಸ್ತಿಲಿನ ಎತ್ತರ ಅವನಿಗೆ ಬಾಯಿಪಾಠ, ಅದನ್ನು ಕಳೆದ.

"ಪ್ಯಾಂಟು ಹೊಲಿಸಿಕೊಡ್ತೀಯಾ?" ಎಂದ ಕತ್ತರಿ. ಬಡಗಿ ತಲೆ ಎತ್ತದಿರುವುದನ್ನು ಕಂಡು ಮಡಿಕೆ ಬಿಚ್ಚಿಕೊಂಡು ಹೋದ.

ಈಗ ಬಡಗಿ ಒಳಕ್ಕೆ ತೆರೆಯುವ ಬಾಗಿಲುಗಳನ್ನಷ್ಟೇ ಮಾಡುತ್ತಾನೆ. ಕೆಳಗೆ ಒಂದು ಬೆರಳು ಸಂದಿ ಬಿಡುತ್ತಾನೆ. ಗಾಳಿ ಬರುತ್ತದೆ, ಇರುವೆ ಬರುತ್ತದೆ ಎಂದು ಜನ ದೂರಿದರೆ ಬರಲಿ ಎನ್ನುತ್ತಾನೆ. ಅಕ್ಕ ಮುಂಗೋಣೆಯಲ್ಲೇ ಇದ್ದಾಳೆ, ಕಾಜಾ ಹೊಲಿಯುತ್ತಾಳೆ, ಕತ್ತರಿ ಬಂದರೆ ಇಬ್ಬರೂ ಊರಿನ ಸುದ್ದಿಯನ್ನು ಜಾಲಾಡುತ್ತಾರೆ. ಅವಳು ಅವನನ್ನು ಪುಟ್ಟಾ ಎಂದೇ ಕರೆಯುತ್ತಾಳೆ. ಬಾಗಿಲಿನ ಕತೆಯನ್ನು ಮಾತ್ರ ಹೇಳುವುದಿಲ್ಲ. ಹೊಸಬರು ಯಾರಾದರೂ ಕೇಳಿದರೆ, "ಅದೆಲ್ಲ ಆಗಿ ಹೋಯ್ತು" ಎಂದು ದಾರ ಕಚ್ಚಿ ತುಂಡು ಮಾಡುತ್ತಾಳೆ. ಅವಳು ನಿಲ್ಲಿಸಿದ್ದು ಮರುವರ್ಷದ ಬೇಸಿಗೆಯ ಒಂದು ಬೆಳಿಗ್ಗೆ.

ಹೊಳೆ ಬೀದಿಯ ಹಿಟ್ಟಿನ ಗಿರಣಿಯವನು ಬಂದಿದ್ದ. ಅವನ ಮನೆಯಲ್ಲಿ ವಯಸ್ಸಾದ ತಾಯಿ; ಹಗಲೆಲ್ಲ ಒಬ್ಬಳೇ. ಮಳೆಗಾಲಕ್ಕೆ ಮುಂಚೆ ಕಾಜಾ ಅಕ್ಕನ ಮನೆಯಲ್ಲಿದ್ದಂಥದ್ದೇ ಬಾಗಿಲು ಬೇಕು ಎಂದ. ಅದಕ್ಕೂ ಮೊದಲು ಆರೇಳು ಜನ ಹೀಗೆ ಕೇಳಿ, ಕೆಲಸ ಬಹಳ ಇದೆ ಎಂಬ ಉತ್ತರ ಪಡೆದು ಹೋಗಿದ್ದರು. ಇವನಿಗೂ ಬಡಗಿ ಅದನ್ನೇ ಹೇಳಿದ. ಅಷ್ಟರಲ್ಲಿ ಮುಂಗೋಣೆಯಿಂದ ಊರುಗೋಲಿನ ಸದ್ದು ಕೇಳಿಸಿತು. ಅಕ್ಕ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು, ಎದೆಗೆ ಸಿಕ್ಕಿಸಿದ ಸೂಜಿಯಲ್ಲಿ ದಾರ ತೂಗುತ್ತಿತ್ತು.

"ಏನು ಕೆಲಸ ಬಹಳ? ನಿನ್ನೆಯಿಂದ ಒಂದು ಸ್ಟೂಲಿನ ಕಾಲು ಉಜ್ಜುತಾ ಕೂತಿದೀಯ. ಮಾಡಿಕೊಡೋ. ಇವನಮ್ಮ ನನ್ನ ಜೊತೆಯವಳು."

"ಬೇಡಕ್ಕ."

"ಯಾಕೆ ಬೇಡ? ನನ್ನ ಕಾಲು ಮುರೀತು ಅಂತಾನಾ?" ಗಿರಣಿಯವನ ಕಡೆ ತಿರುಗಿ, "ನೋಡಪ್ಪ, ಅದು ಬಾಗಿಲಿನ ತಪ್ಪಲ್ಲ. ಇವನು ಗಾಬರಿಗೆ..." ಎಂದು ಶುರುಮಾಡಿದಳು.

"ನಾನು ಗಾಬರಿಯಾಗಿರಲಿಲ್ಲ" ಎಂದ ಬಡಗಿ.

ಅವನು ಅದುವರೆಗೆ ಹಾಗೆ ಅವಳ ಮಾತು ತಡೆದದ್ದೇ ಇರಲಿಲ್ಲ. ಅವಳು ಅವನ ಕಡೆ ತಿರುಗಿದಳು. ಅವನು ಉಳಿಯನ್ನು ಕೆಳಗಿಟ್ಟು, ಗಿರಣಿಯವನಿಗೆ ಹೇಳುವ ಹಾಗೆ, ಆದರೆ ಗಿರಣಿಯವನನ್ನು ನೋಡದೆ, ಹೇಳಿದ. "ನಿಮ್ಮ ತಾಯಿ ಕೈಲಿ ಇಪ್ಪತ್ತೈದು ಕಿಲೋ ತಳ್ಳೋಕಾಗಬಹುದು. ಹೊಸ್ತಿಲಿನ ಮೇಲೆ ಒಂದಡಿ ನೀರಿದ್ರೆ ಈ ಬಾಗಿಲು ತೆಗೆಯೋಕೆ ಇಪ್ಪತ್ತು ಕಿಲೋ ಬೇಕು. ಆಗುತ್ತೆ. ಎರಡಡಿ ಬಂದ್ರೆ ಎಂಬತ್ತು ಕಿಲೋ. ಅಲ್ಲಿಗೆ ಅದು ಬಾಗಿಲಲ್ಲ, ಗೋಡೆ. ಒಳಗೆ ಒಣಗಿರೋದ್ರಿಂದ ಅವರಿಗೆ ಗೊತ್ತೂ ಆಗಲ್ಲ. ನೀರು ಹೊರಗಿರೋಕೆ ಅಂತ ಮಾಡಿದ ಬಾಗಿಲು ಅದು. ಒಳಗಿರೋರು ಹೊರಗೆ ಬರೋದನ್ನ ನಾನು ಯೋಚನೆ ಮಾಡಿರಲಿಲ್ಲ."

ಗಿರಣಿಯವನು ಒಬ್ಬರಾದ ಮೇಲೊಬ್ಬರ ಮುಖ ನೋಡಿ, ಆಮೇಲೆ ಬರ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡ.

ಅಕ್ಕ ಸ್ಟೂಲಿನ ಮೇಲೆ ಕೂತಳು. ಮಗ್ಗಿ ಕಲಿಸಿದವಳು, ಲೆಕ್ಕ ಅವಳಿಗೆ ತಿಳಿಯದೆ ಇರಲಿಲ್ಲ. ಸ್ವಲ್ಪ ಹೊತ್ತು ಊರುಗೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

"ಎರಡನೇ ಸಲ ಫೋನ್ ಮಾಡಿದಾಗ ಎರಡಡಿ ದಾಟಿತ್ತು ಅನ್ನು."

"ದಾಟಿತ್ತು."

"ಮೊದಲನೇ ಸಲ?"

ಅವನು ಗೊತ್ತಿಲ್ಲ ಎನ್ನಬಹುದಿತ್ತು. ಹೊರಗೆ ಎಷ್ಟು ನೀರಿದೆ ಎಂದು ಅವತ್ತು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ, ಕತ್ತರಿಯ ಕಾಲಿನ ಅಳತೆಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅಕ್ಕ ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗ ಕಾಯುತ್ತಿದ್ದ ಹಾಗೆಯೇ, ಕೋಪವಿಲ್ಲದೆ, ಆದರೆ ಬಿಡದೆ. ಅವನು ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

"ಹತ್ತು ಇಂಚು."